ತಾತೋಬಾ ಬಿದ್ದ ಮೆಟ್ಟಿಲು

ತಾತೋಬಾ ಹುಟ್ಟಿದ್ದು ಎಲ್ಲಿ, ಸತ್ತದ್ದು ಯಾವಾಗ ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರಿದ್ದದ್ದೆಲ್ಲ ಸಾಯುವುದಕ್ಕೆ ಮುಂಚಿನ ಹನ್ನೊಂದು ವರ್ಷ ಆತ ಏನು ಮಾಡುತ್ತಿದ್ದ ಎಂಬುದರ ಬಗ್ಗೆ. ಕೊಲ್ಹಾಪುರದ ಬೆಲ್ಲದ ವ್ಯಾಪಾರಿ ಕುಂಥುನಾಥ ಅಣ್ಣಾ ಮೂಕಿ ಚಿತ್ರಗಳ ಕಾಲದ ನಟರ ಮೇಲೊಂದು ಪುಸ್ತಕ ಮಾಡುತ್ತಿದ್ದರು. ಎಲ್ಲ ಅಧ್ಯಾಯಗಳೂ ಮುಗಿದು, ‘ಘಸರಗುಂಡಿ ತಾತೋಬಾ: ಅಂತಿಮ ವರ್ಷಗಳು’ ಎಂಬುದೊಂದು ಉಳಿದಿತ್ತು. ಅದರಲ್ಲಿ ಈ ತಲೆಬರಹ ಬಿಟ್ಟರೆ ಬೇರೇನೂ ಇರಲಿಲ್ಲ.

ಘಸರಗುಂಡಿ ಎಂದರೆ ಜಾರುಬಂಡೆ. ತಾತೋಬಾ ಸಿನಿಮಾಗಳಲ್ಲಿ ಬೀಳುತ್ತಿದ್ದ. ರಾಜನ ದರ್ಬಾರಿನಲ್ಲಿ ಬೀಳುತ್ತಿದ್ದ, ಮದುವೆಯ ಚಪ್ಪರದಲ್ಲಿ ಬೀಳುತ್ತಿದ್ದ, ರಣರಂಗದಲ್ಲಿ ಯುದ್ಧ ಶುರುವಾಗುವ ಮೊದಲೇ ಬೀಳುತ್ತಿದ್ದ. ಮಾತಿನ ಸಿನಿಮಾ ಬಂದ ವರ್ಷ ಅವನ ಕೆಲಸ ಹೋಯಿತು. ಅವನಿಗೆ ಮಾತು ಬರುತ್ತಿರಲಿಲ್ಲವೆಂದಲ್ಲ; ಅವನು ಬಿದ್ದರೆ ಸದ್ದಾಗುತ್ತಿರಲಿಲ್ಲ. ಧ್ವನಿ ಹಿಡಿಯುವವನು ಮೈಕನ್ನು ನೆಲಕ್ಕೆ ತಾಗಿಸಿಟ್ಟ, ಕೆಳಗೆ ಹಲಗೆ ಹಾಸಿಸಿದ, ಕೊನೆಗೆ ತಾತೋಬಾನ ಸೊಂಟಕ್ಕೆ ತಾಮ್ರದ ತಂಬಿಗೆಯನ್ನೇ ಕಟ್ಟಿಸಿದ. ಆದರೂ ಆತ ನೆರಳು ಬಿದ್ದ ಹಾಗೆ ಬೀಳುತ್ತಿದ್ದ. ಸ್ಟುಡಿಯೋದವರು ಬೇಸತ್ತು ಅವನ ಜಾಗಕ್ಕೆ ಮೂರು ಮಣ ತೂಕದ ಪೈಲ್ವಾನನೊಬ್ಬನನ್ನು ತಂದರು.

ಆ ಅಧ್ಯಾಯಕ್ಕೆಂದು ಅವರು ಹುಡುಕಿ ತಂದ ಹುಡುಗಿ ಪ್ರಣಾಲಿಯೂ ಸದ್ದು ಮಾಡುವವಳಲ್ಲ. ಬಿ.ಎ. ಓದುವಾಗ ಹಾಜರಿ ಕೂಗಿದರೆ ಅವಳು ಓಗೊಟ್ಟದ್ದು ಮೇಷ್ಟರ ಕಿವಿಗೆ ಬೀಳದೆ, ಮೂರು ವರ್ಷ ಮುಂದಿನ ಬೆಂಚಿನಲ್ಲಿ ಕೂತೂ ಗೈರುಹಾಜರಾದವಳು. ಆಡಬೇಕೆಂದುಕೊಂಡು ಆಡದೆ ಬಿಟ್ಟ ಮಾತುಗಳನ್ನೆಲ್ಲ ಡೈರಿಯಲ್ಲಿ ಬರೆದಿಡುತ್ತಿದ್ದಳು. ಹೀಗಾಗಿ ಡೈರಿಗಳು ದಪ್ಪವಾಗಿದ್ದವು. ಅವಳ ತಾಯಿಯ ಊರು ಗಡಿಯಂಚಿನ ಸುಳಕೂಡ, ಮನೆಮಾತು ಕನ್ನಡ. ಕುಂಥುನಾಥ ಅಣ್ಣಾನಿಗೆ ಅಷ್ಟೇ ಸಾಕಾಗಿತ್ತು.

“ನೋಡವಾ,” ಎಂದರು ಅವರು, ಬೆಲ್ಲದ ಪೆಂಟೆಗಳ ನಡುವೆ ಲ್ಯಾಪ್‌ಟಾಪ್ ತೆರೆಯುತ್ತ. “ನಿನಗ ಕನ್ನಡ ಬರತೈತಿ, ಮರಾಠಿ ಬರತೈತಿ, ಮಾತ ಬರೂದಿಲ್ಲ. ಸಂಶೋಧನಾಕ್ಕ ಇನ್ನೇನ ಬೇಕು? ಹಿಂದ ಒಬ್ಬಾಂವನ್ನ ಕಳಿಸಿದ್ದೆ. ತಾತೋಬಾನ ಮಗಳ ಮನಿಗೆ ಹೋಗಿ ಎರಡ ತಾಸ ತಾನ ಮಾತಾಡಿ, ಚಾ ಕುಡದ ಬಂದ.”

ಪರದೆಯ ಮೇಲೆ ತಾತೋಬಾ ಬಂದ. ಅವನ ಚಿತ್ರಗಳಲ್ಲೆಲ್ಲ ಉಳಿದದ್ದು ನಲವತ್ತೆರಡು ಸೆಕೆಂಡಿನ ಈ ಒಂದು ತುಣುಕು. ಕಪ್ಪು ಟೋಪಿಯ ಸಣಕಲ ಮನುಷ್ಯ ಮೆಟ್ಟಿಲಿಳಿದು ಬರುತ್ತಾನೆ. ಮೂರು ಹೆಜ್ಜೆ ಇಡುತ್ತಾನೆ. ಯಾರೋ ಕರೆದರೆಂಬಂತೆ ಹಿಂತಿರುಗಿ ನೋಡುತ್ತಾನೆ. ಯಾರೂ ಇಲ್ಲ. ಇಲ್ಲದವರಿಗೇ ಟೋಪಿ ಎತ್ತಿ ಸಲಾಮು ಹೊಡೆಯುತ್ತಾನೆ. ಎಡಗಾಲು ಜಾರುತ್ತದೆ. ಒಂದು ಗಳಿಗೆ ಗಾಳಿಯಲ್ಲಿ ಮಲಗಿದಂತಿದ್ದು, ಆಮೇಲೆ ಅವಸರವಿಲ್ಲದೆ ನೆಲ ಸೇರುತ್ತಾನೆ. ಅಲ್ಲಿಗೆ ರೀಲು ಹರಿದಿತ್ತು.

ಪ್ರಣಾಲಿ ಆ ತುಣುಕನ್ನು ಮನೆಗೊಯ್ದು ಇನ್ನೂರು ಸಲ ನೋಡಿದಳು. ಯಾವ ಕಾಲು ಎಲ್ಲಿ, ಯಾವ ಕೈ ಯಾವಾಗ ಎಂಬುದನ್ನೆಲ್ಲ ಡೈರಿಯ ನಾಲ್ಕು ಪುಟ ತುಂಬ ಬರೆದಳು. ಆಮೇಲೆ ಇಚಲಕರಂಜಿಯ ಬಸ್ಸು ಹತ್ತಿದಳು.

ತಾತೋಬಾನ ಒಬ್ಬಳೇ ಮಗಳು ಜನಾಬಾಯಿ. ವಯಸ್ಸು ಎಂಬತ್ತೈದು. ಮನೆಯ ಕೆಳಗೆ ಎಂಟು ಪವರ್‌ಲೂಮುಗಳು ಖಟಕ್ ಖಟಕ್ ಎಂದು ಬಡಿಯುತ್ತಿದ್ದವು. ಆ ಮನೆಯಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕು. ಪ್ರಣಾಲಿ ಬಾಯಿ ತೆರೆದಳು, ಮುಚ್ಚಿದಳು, ಕೊನೆಗೆ ಡೈರಿಯಲ್ಲಿ ದಪ್ಪ ಅಕ್ಷರದಲ್ಲಿ ಪ್ರಶ್ನೆ ಬರೆದು ಮುದುಕಿಯತ್ತ ತಿರುಗಿಸಿ ಹಿಡಿದಳು.

“ಯಾಕ ಪೋರಿ, ಗಂಟಲ ಕೆಟ್ಟೈತೇನ?” ಎಂದಳು ಜನಾಬಾಯಿ.

“ಅವ್ವಾ, ಆಕಿ ನಾಚಕೊಳ್ಳಾಕತ್ತಾಳ,” ಎಂದು ಮಗ ತಾನಾಜಿ ಕೂಗಿದ. ಅವನಿಗೂ ಅರವತ್ತು ದಾಟಿತ್ತು.

“ಚಲೋ ಆತು. ಹಿಂದ ಬಂದಾವಗ ನಾಚಿಕಿನ ಇರಲಿಲ್ಲ.”

ಪ್ರಣಾಲಿ ಸುತ್ತ ನೋಡಿದಳು. ಖಾಲಿ ಆರಾಮಕುರ್ಚಿಯೊಂದರ ಮುಂದೆ ಟಿ.ವಿ. ಹಚ್ಚಿಟ್ಟಿತ್ತು. ಕುರ್ಚಿಯ ಪಕ್ಕದಲ್ಲಿ ಕೆಂಪು ಟೆಲಿಫೋನು, ಅದರಾಚೆ ಹೂಮಾಲೆ ಹಾಕಿದ ಸ್ಕೂಟರು. ಅದರ ಚಕ್ರಕ್ಕೆ ರಸ್ತೆಯ ಧೂಳು ತಾಗಿದ ಗುರುತೇ ಇರಲಿಲ್ಲ.

“ಎಲ್ಲಾ ನಮ್ಮಪ್ಪಂದು,” ಎಂದಳು ಜನಾಬಾಯಿ.

ತಾತೋಬಾ ಸತ್ತದ್ದು ಅರವತ್ತೊಂಬತ್ತರಲ್ಲಿ, ಗಡಹಿಂಗ್ಲಜದ ಹೊಳೆಯ ಘಾಟಿನಲ್ಲಿ. ಹತ್ತನೆಯ ದಿನ ಅಲ್ಲೇ ಪಿಂಡ ಇಟ್ಟರು. ಕಾಗೆ ಮುಟ್ಟಲಿಲ್ಲ. ಸತ್ತವರ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲವಲ್ಲ; ಮನೆಯವರು ಆ ಆಸೆ ಯಾವುದೆಂದು ಊಹಿಸಿ, ಈಡೇರಿಸುತ್ತೇವೆಂದು ಕೈಮುಗಿದು ಮಾತು ಕೊಡಬೇಕು. ಊಹೆ ಸರಿಯಾದರೆ ಕಾಗೆ ಇಳಿಯುತ್ತದೆ. ಅಂದಿನಿಂದ ಐವತ್ತಾರು ವರ್ಷ, ಪ್ರತಿ ಪಿತೃಪಕ್ಷಕ್ಕೂ ಈ ಕುಟುಂಬ ಅದೇ ಘಾಟಿಗೆ ಹೋಗಿ ಊಹಿಸುತ್ತಲೇ ಇತ್ತು.

“ಮೊದಲನೇ ವರ್ಷ ಮಗ್ಗಾ ಹಾಕತೀವಿ ಅಂದ್ವಿ. ಮುಟ್ಟಲಿಲ್ಲ. ಮಾತ ಕೊಟ್ಟ ಮ್ಯಾಲೆ ಬಿಡಾಕ ಬರೂದಿಲ್ಲಲ್ಲ, ಹಾಕಿದ್ವಿ. ಮತ್ತೊಂದ ವರ್ಷ ಮತ್ತೊಂದ ಮಗ್ಗಾ. ಎಂಬತ್ನಾಲ್ಕರಾಗ ಟಿ.ವಿ. ಅಂದ್ವಿ. ಅವತ್ತಿಂದ ಬಂದ್ ಮಾಡಿಲ್ಲ. ಅಪ್ಪಾ ಯಾವಾಗ ನೋಡಾಕ ಕುಂದರತಾನೋ ಯಾರಿಗೆ ಗೊತ್ತು?”

“ನನ್ನ ಲಗ್ನಾನೂ ಕಾಗಿಗೆ ಹೇಳೇ ಮಾಡ್ಯಾರ ನೋಡ್ರಿ,” ಎಂದ ತಾನಾಜಿ. “ಹುಡುಗಿ ನೋಡೂಕಿಂತ ಮೊದಲ ಕಾಗಿಗೆ ತಾರೀಖ ಕೊಟ್ಟಿದ್ರು. ಹೋದ ವರ್ಷ ವೈಫೈ ಅಂದ್ವಿ. ಕುತ್ತಿಗಿ ಸುದ್ದಾ ತಿರಗಿಸಲಿಲ್ಲ ಮಗಂದು. ಈ ವರ್ಷ ಎ.ಸಿ. ಅನ್ನೂದೈತಿ.”

ಪ್ರಣಾಲಿ ಪುಟ ತಿರುವಿದಳು: ‘ಕೊನೆಯ ಹನ್ನೊಂದು ವರ್ಷ ಅವರು ಏನು ಮಾಡುತ್ತಿದ್ದರು?’

ಜನಾಬಾಯಿ ಮುಖ ಗಂಟಿಕ್ಕಿ ಹತ್ತಿರ ಸರಿದಳು. ಗುಟ್ಟು ಹೇಳುವವಳಂತೆ ಬಾಯಿಗೆ ಸೆರಗು ಅಡ್ಡ ಹಿಡಿದು, ಮಗ್ಗಗಳ ಸದ್ದು ಮೀರಿಸಿ ಕಿರುಚಿದಳು: “ಗಡಹಿಂಗ್ಲಜದಾಗ ಒಬ್ಬಾಕಿ ಇದ್ಲು!”

ಕೆಳಗಿನ ಕೆಲಸಗಾರರು ಯಾರೂ ತಲೆ ಎತ್ತಲಿಲ್ಲ. ಅವರಿಗೆ ಈ ಗುಟ್ಟು ಹಳೆಯದು.

ಶೇಂಗಾ ಅಂಗಡಿಯಲ್ಲಿ ತೂಕ ಹಾಕುವ ಕೆಲಸವೆಂದು ಹೇಳಿ ತಾತೋಬಾ ವಾರಕ್ಕೆ ಮೂರು ದಿನ ಗಡಹಿಂಗ್ಲಜಕ್ಕೆ ಹೋಗುತ್ತಿದ್ದನಂತೆ. ಬರುವಾಗ ಅಂಗಿಯಲ್ಲಿ ಹೂವಿನ ಎಸಳು, ಪಂಜೆಯ ಮೇಲೆ ಕುಂಕುಮದ ಕಲೆ, ಜೇಬಿನಲ್ಲಿ ಎಳ್ಳು. ಹಾಗೆ ಶುರುವಾದದ್ದು ಜನಾಬಾಯಿಯ ಮದುವೆಯಾದ ಮರುತಿಂಗಳಿನಿಂದ.

“ನಂದ ತಪ್ಪ ಅದು,” ಎಂದಳು ಜನಾಬಾಯಿ. ಈ ಮಾತನ್ನು ಅವಳು ಕೂಗಲಿಲ್ಲ. ಪ್ರಣಾಲಿ ಅವಳ ತುಟಿಯ ಹತ್ತಿರ ಕಿವಿ ಇಡಬೇಕಾಯಿತು. “ನನ್ನ ಲಗ್ನದಾಗ ಬೀಗರ ಮುಂದ ಚಾದ ತಾಟ ಹಿಡಕೊಂಡ ಬಿದ್ದ. ಎಲ್ಲಾರೂ ನಕ್ಕರು. ನಾ ಒಳಗ ಕರದ ಹೇಳಿದೆ, ಅಪ್ಪಾ, ಇನ್ನ ಮ್ಯಾಲೆ ಬೀಳಬ್ಯಾಡ, ನನ್ನ ಮಾನ ಹೋಗತೈತಿ ಅಂತ. ಆತವಾ ಅಂದ. ಮುಂದ ಈ ಮನ್ಯಾಗ ಒಮ್ಮೀನೂ ಬೀಳಲಿಲ್ಲ. ಸಿಟ್ಟ ಹಿಡಕೊಂಡ ಹೋಗ್ಯಾನ. ಅದಕ್ಕ ಕಾಗಿ ಮುಟ್ಟವಲ್ದು.”

ಅವಳು ಸೆರಗಿನಿಂದ ಖಾಲಿ ಕುರ್ಚಿಯ ಧೂಳು ಒರೆಸಿ, ಮತ್ತೆ ದನಿ ಎತ್ತಿದಳು.

“ನಾ ಸಾಯೂದರಾಗ ಕಾಗಿ ಮುಟ್ಟಬೇಕು. ಅಪ್ಪಗ ಏನ ಬೇಕಾಗಿತ್ತ ಆಕಿಗೆ ಗೊತ್ತಿರತೈತಿ. ಆಕಿ ಇಲ್ಲಾಂದ್ರ ಆಕಿ ಮಕ್ಕಳಿಗೆ. ಹೋಗಿ ಕೇಳಕೊಂಡ ಬಾ. ಬರೂ ಗುರುವಾರ ತಿಥಿ. ತಿಳಕೊಂಡ ಬಂದರ ಅಪ್ಪನ ಟೋಪಿ, ಫೋಟೋ, ಎಲ್ಲಾ ನಿಮ್ಮ ಪುಸ್ತಕಕ್ಕ.”

ಗಡಹಿಂಗ್ಲಜದಲ್ಲಿ ಇಳಿದ ಪ್ರಣಾಲಿಗೆ ಒಂದು ದೊಡ್ಡ ತೊಂದರೆ ಎದುರಾಯಿತು. ಐವತ್ತಾರು ವರ್ಷದ ಹಿಂದೆ ಸತ್ತ ಮನುಷ್ಯನೊಬ್ಬ ಇಟ್ಟುಕೊಂಡವಳು ಯಾರೆಂದು ಅಪರಿಚಿತರನ್ನು ಕೇಳುವುದು ಹೇಗೆ? ಅವಳು ಡೈರಿಯಲ್ಲಿ ‘ಘಸರಗುಂಡಿ ತಾತೋಬಾ ಈ ಊರಿನಲ್ಲಿ ಎಲ್ಲಿಗೆ ಬರುತ್ತಿದ್ದರು?’ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಹಿಡಿದು ಸ್ಟ್ಯಾಂಡಿನ ಮುಂದೆ ನಿಂತಳು. ಒಬ್ಬರು ದೇಣಿಗೆಯೆಂದು ತಿಳಿದು ಮುಖ ತಿರುಗಿಸಿದರು. ಒಬ್ಬ ಹೆಂಗಸು ಅಯ್ಯೋ ಪಾಪ, ಮಾತು ಬರದ ಹುಡುಗಿ ಎಂದು ಒಂದು ಹಿಡಿ ಹುರಿದ ಶೇಂಗಾ ಕೊಟ್ಟಳು. ಕೊನೆಗೊಬ್ಬ ಮುದುಕ ಓದಿ, ಗಹಗಹಿಸಿ ನಕ್ಕು, ಬರಿ ಕೈಯಿಂದ ಹೊಳೆಯ ದಾರಿ ತೋರಿಸಿದ.

ಘಾಟಿನ ಮೇಲ್ಗಡೆ ಗೌರವ್ವ ಕೂತಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು. ಎಳ್ಳು, ಪತ್ರಾವಳಿ, ದರ್ಭೆ ಮಾರುತ್ತಿದ್ದಳು. ಮಾರುತ್ತಲೇ ದರ್ಭೆ ಹೆಣೆದು ಪುಟ್ಟ ಕಾಗೆಗಳನ್ನು ಮಾಡುತ್ತಿದ್ದಳು. ನಿಜವಾದ ಕಾಗೆ ಬಾರದಿದ್ದಾಗ ಪಿಂಡಕ್ಕೆ ಮುಟ್ಟಿಸುವ ಕಾಗೆಗಳು ಅವು. ಪ್ರಣಾಲಿಯ ಪುಟಗಳನ್ನು ಓದಿ, ವಿಷಯವೆಲ್ಲ ತಿಳಿದ ಮೇಲೆ ಅವಳು ಹಣೆ ಹಣೆ ಬಡಿದುಕೊಂಡಳು.

“ಹೆಂಗಸಾ? ಎಲ್ಲೀ ಹೆಂಗಸ? ಕಾಗಿಗೋಳ ಸಂಬಂಧ ಬರತಿದ್ದ ಅಂವಾ!”

ಮೊದಲು ಅಲ್ಲಿ ಕೂರುತ್ತಿದ್ದ ಅವ್ವನಿಂದ ಕೇಳಿದ್ದನ್ನೂ ತಾನು ಕಂಡದ್ದನ್ನೂ ಸೇರಿಸಿ ಗೌರವ್ವ ಹೇಳಿದ್ದು ಹೀಗೆ. ಯಾರೋ ಗೆಳೆಯನ ಹತ್ತನೆಯ ದಿನಕ್ಕೆಂದು ತಾತೋಬಾ ಈ ಘಾಟಿಗೆ ಬಂದಿದ್ದ. ಮಧ್ಯಾಹ್ನವಾದರೂ ಕಾಗೆ ಇಳಿದಿರಲಿಲ್ಲ. ಮನೆಯವರು ಹಸಿದು ಕಂಗಾಲಾಗಿದ್ದರು. ತಾತೋಬಾ ನೀರು ತರಲು ಮೆಟ್ಟಿಲಿಳಿದವನು ಜಾರಿ ಬಿದ್ದ. ಬೀಳುವುದನ್ನು ನೋಡಲೆಂಬಂತೆ ಕಾಗೆಗಳು ಕೆಳಗಿಳಿದವು, ಇಳಿದ ಮೇಲೆ ಪಿಂಡ ಕಂಡಿತು. ಮರುವಾರ ಇನ್ನೊಂದು ಮನೆಯವರು ಅವನನ್ನು ಹೇಳಿಕಳಿಸಿ ಕರೆಸಿದರು.

“ಮುಂದ ಎರಡ ತಿಂಗಳ ವಾರಕ್ಕ ಮೂರ ದಿನಾ ಮುಂಜಾನೆ ಬಂದ, ಕಿಸೇದಾಗ ಶೇಂಗಾ ತುಂಬಕೊಂಡು. ಬೀಳಾಂವ, ಶೇಂಗಾ ಹಾಕಾಂವ. ಬೀಳಲಿಲ್ಲಂದ್ರ ಹಾಕತಿರಲಿಲ್ಲ. ಅಂವಾ ಬೀಳೂತನಾ ಏನಿಟ್ಟರೂ ಮುಟ್ಟಬಾರದಂತ ಕಾಗಿಗೋಳಿಗೆ ಸಾಲಿ ಕಲಿಸಿದಂಗ ಕಲಿಸಿದ. ನಾ ತಿಳವಳಿಕಿ ಬಂದ ಮ್ಯಾಲೆ ಯಾಕ ಮಾಮಾ ಅಂತ ಕೇಳಿದೆ. ಸಿನಿಮಾದವರು ಒಮ್ಮಿ ಕೆಲಸದಿಂದ ತಗದಾರವಾ, ಇವರು ತಗೀಬಾರದು ಅಂದ.”

‘ಈಗಿನ ಕಾಗೆಗಳು ಅವೇ ಅಲ್ಲವಲ್ಲ?’ ಎಂದು ಬರೆದಳು ಪ್ರಣಾಲಿ.

“ಕಾಗಿಗೇನ ಮನೆತನ ಇರೂದಿಲ್ಲನ? ಅವರಪ್ಪ ಕಲಿಸಿದ್ದು ಇವು ಕಲತಾವು, ಇವು ಮರಿಗೋಳಿಗೆ ಕಲಿಸ್ಯಾವು. ಈ ಘಾಟಿನಾಗ ಕಾಗಿ ಮುಟ್ಟೂದಿಲ್ಲಂತ ಊರಿಗೆಲ್ಲಾ ಗೊತ್ತೈತಿ. ಅದಕ್ಕ ಎಲ್ಲಾರೂ ನನ್ನ ಹಂತ್ಯಾಕ ದರ್ಭಿ ಕಾಗಿ ತಗೊಂಡ ಮುಗಿಸಿ ಹೋಗತಾರ. ಇಚಲಕರಂಜಿ ಮಂದಿ ಒಬ್ಬರ ನೋಡ ಸಂಜೀತನಾ ಕೈಮುಗದ ಟಿ.ವಿ., ಸ್ಕೂಟರ ಅಂತ ಒದರಾವರು.”

‘ಅವರಿಗೆ ಯಾಕೆ ಹೇಳಲಿಲ್ಲ?’

“ಕೇಳಲಿಲ್ಲ,” ಎಂದಳು ಗೌರವ್ವ. ಹೆಣೆದು ಮುಗಿದ ಕಾಗೆಯನ್ನು ಪಕ್ಕಕ್ಕಿಟ್ಟು, “ಮತ್ತ ನನ್ನ ದರ್ಭಿ ಕಾಗಿ ಯಾರ ತಗೋತಾರ?” ಎಂದೂ ಸೇರಿಸಿದಳು.

ಕೊನೆಯ ದಿನದ್ದನ್ನೂ ಹೇಳಿದಳು. ಆಗ ಅವಳಿಗೆ ಹನ್ನೆರಡು ವರ್ಷ. ಪ್ರತಿ ಸಲ ತಾತೋಬಾ ಬಿದ್ದ ಮೇಲೆ ಎದ್ದು ಕೂತು, ಕಾಗೆಗಳ ಕಡೆ ಮುಖ ಮಾಡಿ ಏನೋ ಮಾಡುತ್ತಿದ್ದ. ಆಮೇಲೇ ಅವು ಪಿಂಡಕ್ಕೆ ಬಾಯಿ ಹಾಕುತ್ತಿದ್ದವು. ಏನು ಮಾಡುತ್ತಿದ್ದನೆಂದು ಮೇಲಿನ ಮೆಟ್ಟಿಲಲ್ಲಿ ಕೂರುವ ಇವಳಿಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಬೆನ್ನು ಮಾತ್ರ. ಅವತ್ತು ಬಿದ್ದವನು ಏಳಲಿಲ್ಲ. ಆಟವೆಂದು ಜನ ಕಾದರು. ಕಾಗೆಗಳೂ ಕಾದವು. ಒಂದು ತಾಸಾದ ಮೇಲೆ ಜನರಿಗೆ ಅನುಮಾನ ಬಂತು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಘಾಟಿನಲ್ಲಿ ಪಿಂಡ ಇಟ್ಟಾಗಿತ್ತು. ಕರೆಂಟಿನ ತಂತಿಯ ಮೇಲೆ ಹನ್ನೊಂದು ಕಾಗೆಗಳು ಒತ್ತೊತ್ತಾಗಿ ಕೂತಿದ್ದವು. ಜನಾಬಾಯಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಕೆಳಗಿನ ಮೆಟ್ಟಿಲ ತನಕ ಹೊತ್ತು ತಂದಿದ್ದರು. ಗೌರವ್ವ ಹೇಳಿದ್ದನ್ನು ಪ್ರಣಾಲಿ ಬರೆದುಕೊಂಡಿದ್ದ ಡೈರಿಯ ಪುಟಗಳನ್ನು ತಾನಾಜಿ ಮೊದಲಿನಿಂದ ಕೊನೆಯ ತನಕ ಗಟ್ಟಿಯಾಗಿ ಓದಿದ. ಓದುವಾಗ ಅವನ ಧ್ವನಿ ಎ.ಸಿ.ಯ ಖರ್ಚು ಉಳಿಯಿತಲ್ಲ ಎಂದು ಹಗುರಾಗಿತ್ತು.

“ಅಂದರ,” ಎಂದಳು ಜನಾಬಾಯಿ, “ನಾ ಬ್ಯಾಡ ಅಂದ ಮ್ಯಾಲೂ ಬೀಳತಿದ್ದ?”

“ಹೌದ್ರಿ ಅಕ್ಕಾರ,” ಎಂದಳು ಗೌರವ್ವ. “ಮಗಳ ಮುಂದಷ್ಟ ಬೀಳೂದಿಲ್ಲಂತ ಮಾತ ಕೊಟ್ಟೇನಿ ಅಂತಿದ್ದ.”

“ಸಿಟ್ಟ ಇತ್ತನೂ?”

“ಅದು ನನಗ ಹೆಂಗ ಗೊತ್ತಾಗಬೇಕರಿ? ಬೆನ್ನ ಕಾಣತಿತ್ತಷ್ಟ.”

ಜನಾಬಾಯಿ ಸೆರಗು ಸರಿಪಡಿಸಿಕೊಂಡಳು. “ತಾನ್ಯಾ, ಬೀಳ.”

ತಾನಾಜಿ ಬಿದ್ದ. ಎಂಬತ್ತೈದು ಕಿಲೋ ಧಡ್ ಎಂದು ಕಲ್ಲಿಗೆ ಅಪ್ಪಳಿಸಿದ ಸದ್ದಿಗೆ ಹನ್ನೊಂದು ಕಾಗೆಗಳೂ ಹಾರಿ, ಹೊಳೆಯನ್ನೊಂದು ಸುತ್ತು ಹಾಕಿ, ಬೇಸರದಿಂದ ಮತ್ತೆ ತಂತಿಗೆ ಬಂದವು. ತಾನಾಜಿಯ ದೊಡ್ಡ ಅಳಿಯ ಬೀಳುವ ಮುನ್ನ ಕರವಸ್ತ್ರ ಹಾಸಿಕೊಂಡದ್ದರಿಂದ ಅದು ಬಿದ್ದದ್ದಾಗದೆ ಕೂತದ್ದಾಯಿತು. ಸಣ್ಣ ಅಳಿಯ ಪಾಚಿಗೆ ನಿಜವಾಗಿಯೇ ಜಾರಿ ಸೊಂಟದ ತನಕ ಹೊಳೆಯೊಳಗೆ ಹೋದ. ಅವನನ್ನು ಎಳೆದು ತೆಗೆಯುವುದರಲ್ಲಿ ಒಂದು ಮಂತ್ರ ತಪ್ಪಿತು. ತಾನಾಜಿ ಎರಡನೆಯ ಸಲ ಡೈರಿಯನ್ನು ಕೈಯಲ್ಲಿ ಹಿಡಿದು, ಓದುತ್ತ ಬಿದ್ದ. ಮೂರು ಹೆಜ್ಜೆಯ ಜಾಗದಲ್ಲಿ ಪುಟ ತಿರುವಬೇಕಾಗಿ ಬಂದು ಅದೂ ಕೆಟ್ಟಿತು.

“ಬೀಳೂದಕ್ಕ ಶಾಸ್ತ್ರದಾಗ ವಿಧಿ ಇಲ್ಲರಿ,” ಎಂದರು ಭಟ್ಟರು. “ದರ್ಭಿ ಕಾಗಿ ಮುಟ್ಟಿಸಿ ಮುಗಸೂಣು. ನನಗ ಇನ್ನೂ ಎರಡ ಮನಿ ಅದಾವ.”

ಗೌರವ್ವ ದರ್ಭೆಯ ಕಾಗೆ ಹಿಡಿದು ತಯಾರಾಗಿ ನಿಂತಳು. ಜನಾಬಾಯಿಯ ಕೈ ಮಡಿಲಲ್ಲಿದ್ದ ಅಪ್ಪನ ಕಪ್ಪು ಟೋಪಿಯನ್ನು ಸವರುತ್ತಿತ್ತು. ಐವತ್ತಾರು ವರ್ಷ ಇದೇ ಗಳಿಗೆಯಲ್ಲಿ ಅವಳು ಹೀಗೇ ತಲೆ ತಗ್ಗಿಸಿ, ಆಗಲಿ ಎಂದಿರಬೇಕು.

ಪ್ರಣಾಲಿಗೆ ಹತ್ತು ಜನರ ಮುಂದೆ ನೀರು ಕುಡಿಯುವುದೂ ಕಷ್ಟ. ಆದರೂ ಅವಳು ಮುದುಕಿಯ ಮಡಿಲಿಂದ ಟೋಪಿ ಎತ್ತಿ ತಲೆಗಿಟ್ಟುಕೊಂಡಳು. ಚಪ್ಪಲಿ ಬಿಟ್ಟಳು. ನಾಲ್ಕು ಮೆಟ್ಟಿಲು ಮೇಲೆ ಹತ್ತಿ ತಿರುಗಿ ನಿಂತಳು. ಎಲ್ಲರೂ ನೋಡುತ್ತಿದ್ದರು, ಅವಳು ಯಾರನ್ನೂ ನೋಡದೆ ನಲವತ್ತೆರಡು ಸೆಕೆಂಡುಗಳನ್ನು ಮಾತ್ರ ನೋಡಿದಳು. ಇಳಿದಳು. ಮೂರು ಹೆಜ್ಜೆ. ಯಾರೋ ಕರೆದರು, ತಿರುಗಿದಳು. ಯಾರೂ ಇರಲಿಲ್ಲ. ಟೋಪಿ ಎತ್ತಿ ಸಲಾಮು ಹೊಡೆದಳು. ಎಡಗಾಲು ಜಾರಿತು. ಸೆಪ್ಟೆಂಬರಿನ ಬಿಳಿ ಆಕಾಶ ಒಂದು ಗಳಿಗೆ ಅವಳ ಮುಖದ ಮೇಲೆಯೇ ನಿಂತಿತ್ತು. ಆಮೇಲೆ ಬೆನ್ನಿಗೆ ಕಲ್ಲು ಸಿಕ್ಕಿತು. ಬಿದ್ದದ್ದು ಅವಳಿಗೇ ಕೇಳಿಸಲಿಲ್ಲ.

ತಂತಿ ಖಾಲಿಯಾಯಿತು. ಹನ್ನೊಂದೂ ಕಾಗೆಗಳು ಇಳಿದು ಪಿಂಡದ ಸುತ್ತ ಒಂದು ಮಾರು ದೂರದಲ್ಲಿ ಸಾಲಾಗಿ ಕೂತವು. ಅಲ್ಲಿಗೆ ನಿಂತವು. ಕುತ್ತಿಗೆ ಓರೆ ಮಾಡಿ ಪ್ರಣಾಲಿಯನ್ನೇ ನೋಡತೊಡಗಿದವು.

“ಏ ಪೋರಿ, ಮುಗಿಸ ಮತ್ತ!” ಎಂದಳು ಜನಾಬಾಯಿ.

“ಮುಂದ ಏನೈತೋ ಗೊತ್ತಿಲ್ಲರಿ ಆಜಿ! ರೀಲ ಹರದೈತಿ!”

ಘಾಟಿನ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರೂ ತಿರುಗಿ ನೋಡಿದರು. ಪ್ರಣಾಲಿ ಹುಟ್ಟಿದಾಗಿನಿಂದ ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ. ಕಾಗೆಗಳು ಕದಲಲಿಲ್ಲ.

ಜನಾಬಾಯಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಕಾಗೆಗಳನ್ನು ನೋಡಿದಳು. ಅವು ಬಿದ್ದವಳ ಮುಖ ನೋಡುತ್ತಿದ್ದ ರೀತಿ ಅವಳಿಗೆ ಎಲ್ಲೋ ಗುರುತು ಹತ್ತಿದಂತಿತ್ತು.

“ನಾ ಸಣ್ಣಾಕಿದ್ದಾಗ,” ಎಂದಳು ನಿಧಾನವಾಗಿ, “ಅಪ್ಪ ಸಿನಿಮಾ ಕೆಲಸ ಹೋದರೂ ಅಂಗಳದಾಗ ಬೀಳೂದ ರೂಢಿ ಮಾಡತಿದ್ದ. ಬಿದ್ದಾಗೊಮ್ಮೆ ಸತ್ತನಂತ ನಾ ಅಳತಿದ್ದೆ. ಆವಾಗ ಎದ್ದ ಕುಂತು...”

ಅವಳು ತನ್ನ ಸುಕ್ಕುಗಟ್ಟಿದ ಎರಡೂ ಅಂಗೈಗಳನ್ನು ತೆರೆದು ಕಾಗೆಗಳ ಮುಂದೆ ಹಿಡಿದಳು. ಮೊದಲು ಈ ಕಡೆ, ಆಮೇಲೆ ತಿರುಗಿಸಿ ಆ ಕಡೆ. ನೋಡು, ಎಲ್ಲೂ ಪೆಟ್ಟಾಗಿಲ್ಲ.

ತುದಿಯಲ್ಲಿದ್ದ ಮುದಿ ಕಾಗೆ ಎರಡು ಸಲ ಕುಪ್ಪಳಿಸಿ ಪಿಂಡಕ್ಕೆ ಕೊಕ್ಕು ಹಾಕಿತು. ಉಳಿದ ಹತ್ತೂ ಮುಗಿಬಿದ್ದವು. ತಾನಾಜಿ ತೊಡೆ ತಟ್ಟಿ ‘ಮುಟ್ಟಿತೋ!’ ಎಂದು ಕೂಗಿದರೂ ಅವು ಏಳಲಿಲ್ಲ. ಒದ್ದೆ ಅಳಿಯ ಭಟ್ಟರನ್ನು ಅಪ್ಪಿಕೊಂಡ. ಜನಾಬಾಯಿ ಮಾತ್ರ ಕೈ ಇಳಿಸದೆ, ಅಪ್ಪ ಎದುರಿಗೇ ಕೂತಿರುವಂತೆ ನೋಡುತ್ತಿದ್ದಳು.

“ಸಿಟ್ಟಿರಲಿಲ್ಲ,” ಎಂದಳು. “ಸಿಟ್ಟಿದ್ದಾಂವ ಕಾಗಿಗೆ ಇದನ್ನ ಮಾಡಿ ತೋರಸ್ತಿರಲಿಲ್ಲ.”

“ಈಗ ಈ ದರ್ಭಿ ಕಾಗಿ ಏನ ಮಾಡ್ಲಿರಿ?” ಎಂದು ಗೌರವ್ವ ಮುಖ ಸಣ್ಣದು ಮಾಡಿ ಕೇಳಿದಳು.

“ಇಲ್ಲೆ ತಾ. ನಾ ಸತ್ತಾಗ ನನಗ ಬೇಕಾಗತೈತಿ. ಇವನೌನ, ಈ ತಾನ್ಯಾ ಬಿದ್ದರ ಕಾಗಿ ಇಳದಂಗ ಐತಿ!”

ಪ್ರಣಾಲಿ ಏಳಲು ಹೋದಾಗ ಜನಾಬಾಯಿ ಟೋಪಿ ತೆಗೆದುಕೊಂಡು, ಧೂಳು ಝಾಡಿಸಿ, ಮತ್ತೆ ಅವಳ ತಲೆಯ ಮೇಲೇ ಇಟ್ಟಳು. ಪುಸ್ತಕಕ್ಕೆ ಕೊಡುತ್ತೇನೆಂದ ಮಾತು ಮಾತೇ ತಾನೆ.

ತಿಥಿಯ ದಿನವೆಂದು ಇಚಲಕರಂಜಿಯ ಮನೆಯಲ್ಲಿ ಮಗ್ಗಗಳು ನಿಂತಿದ್ದವು. ಸಂಜೆ ಊಟಕ್ಕೆ ಕೂತಾಗ ಜನಾಬಾಯಿ ಎದ್ದು ಹೋಗಿ ಟಿ.ವಿ. ಬಂದ್ ಮಾಡಿದಳು. ನಲವತ್ತೊಂದು ವರ್ಷದ ಮೇಲೆ ಆ ಮನೆಯಲ್ಲಿ ಗಡಿಯಾರ ಕೇಳಿಸಿತು. ಆಮೇಲೆ ಅವಳು ಅಪ್ಪನ ಆರಾಮಕುರ್ಚಿಯಲ್ಲಿ ಕಾಲು ಚಾಚಿ ಕೂತು ಮಗನನ್ನು ಕರೆದಳು.

“ಪೋರಿ ಬರದದ್ದನ್ನ ಬಾಯಿಪಾಠ ಮಾಡ. ನೀ ಸದ್ದಿಲ್ಲದ ಬೀಳೂದ ಕಲಿಯೂತನಾ ನಾ ಸಾಯೂದಿಲ್ಲ.”

ಕುಂಥುನಾಥ ಅಣ್ಣಾ ಫೋನಿನಲ್ಲಿ ಅಧ್ಯಾಯ ಎಲ್ಲಿಗೆ ಬಂತೆಂದು ಕೇಳುತ್ತಿದ್ದರು. ಪ್ರಣಾಲಿ ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡು, “ಬರದ ಆತರಿ ಅಣ್ಣಾ,” ಎಂದಳು; ಅವರಿಗೆ ಮೊದಲ ಸಲಕ್ಕೇ ಕೇಳಿಸಿತು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಮೂರು ಹೆಜ್ಜೆ, ಒಂದು ನಿಲುಗಡೆ, ಆಮೇಲೆ ಗೋಡೆಯ ಫೋಟೋಗಳು ನಡುಗುವಂತೆ ಧಡ್ ಎಂಬ ಸದ್ದು ಬಂತು.

“ಮತ್ತೊಮ್ಮಿ,” ಎಂದಳು ಜನಾಬಾಯಿ, ಕಣ್ಣು ಮುಚ್ಚಿಕೊಂಡೇ.